ಹೆಪ್ಪು ಕೇಳಿಕೊಂಡು ಬಂದವನು

ಪ್ರತಿಯೊಬ್ಬ ಮನುಷ್ಯನಿಗೂ ತಾನು ಉಳಿದವರಿಗಿಂತ ಒಂದು ಮೆಟ್ಟಿಲು ಮೇಲೆ ಎಂದುಕೊಳ್ಳಲು ಏನಾದರೊಂದು ಬೇಕಾಗುತ್ತದೆ. ಕೆಲವರಿಗೆ ವಿದ್ಯೆ, ಕೆಲವರಿಗೆ ಬಣ್ಣ, ಕೆಲವರಿಗೆ ದುಬೈನಲ್ಲಿ ಸ್ವಂತ ವಿಲ್ಲಾ. ನನ್ನ ಹತ್ತಿರ ಇವು ಯಾವುವೂ ಇಲ್ಲ. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿ ಲಿಫ್ಟಿನ ಬಿಡಿಭಾಗ ಮಾರುವ ಕಂಪನಿಯೊಂದರಲ್ಲಿ ಹದಿನಾಲ್ಕು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತಿದ್ದೇನೆ. ನಾವು ಮಾರಿದ ಲಿಫ್ಟುಗಳು ಮೇಲೆ ಹೋದವು, ನಾನು ಹೋಗಲಿಲ್ಲ. ತಲೆಯ ಮೇಲಿದ್ದ ಕೂದಲೂ ಹೋಯಿತು. ಹೀಗೆ ಎಲ್ಲ ಕಳೆದು ನನ್ನ ಪಾಲಿಗೆ ಉಳಿದ ಹೆಮ್ಮೆ ಒಂದೇ: ನಾನು ಹುಟ್ಟಾ ಸಸ್ಯಾಹಾರಿ. ಇದಕ್ಕಾಗಿ ನಾನು ಏನೂ ಕಷ್ಟಪಟ್ಟಿಲ್ಲ ನಿಜ. ಮೈಸೂರಿನ ಒಂದು ಮನೆಯಲ್ಲಿ ಹುಟ್ಟಿದೆ, ಅವರು ಹಾಕಿದ್ದನ್ನು ತಿಂದೆ, ಅಷ್ಟೇ. ಆದರೂ ವಿಮಾನದಲ್ಲಿ ಊಟ ಕೊಡುವ ಹುಡುಗಿ "ವೆಜ್ ಆರ್ ನಾನ್‌ವೆಜ್?" ಎಂದು ಕೇಳಿದಾಗ ನಾನು "ಪ್ಯೂರ್ ವೆಜ್" ಎಂದು ಹೇಳುವ ಗತ್ತನ್ನು ನೀವು ನೋಡಬೇಕು. ನೂರು ಯಾಗ ಮಾಡಿ ಮುಗಿಸಿದವನೂ ಅಷ್ಟು ಗಂಭೀರವಾಗಿ ಹೇಳಲಾರ.

ಈ ಗತ್ತಿನ ಲಿಖಿತ ದಾಖಲೆಯೊಂದು ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲಿತ್ತು. ಅಲ್ಲೊಂದು ಫ್ರಿಜ್, ಅದಕ್ಕೆ ಮೂರು ಶೆಲ್ಫು. ಹನ್ನೊಂದು ವರ್ಷದ ಹಿಂದೆ ಮೇಲಿನ ಶೆಲ್ಫಿಗೆ ನಾನೇ ಒಂದು ಚೀಟಿ ಅಂಟಿಸಿದೆ: "ವೆಜ್ ಓನ್ಲಿ". ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ, ಸಾಲದ್ದಕ್ಕೆ ಮೊಬೈಲಿನಲ್ಲಿ ಅನುವಾದಿಸಿಕೊಂಡು ಅರಬಿಯಲ್ಲಿ. ಆ ಅರಬಿಯನ್ನು ಓದಿದ ನಮ್ಮ ಈಜಿಪ್ಟಿನ ಮ್ಯಾನೇಜರು ಬಹಳ ಹೊತ್ತು ನಕ್ಕರು. ಅದರ ಅರ್ಥವೇನಾಯಿತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಚೀಟಿ ಅಂಟಿಸಿದ್ದು ಯಾರಿಗಾಗಿ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಫೆಲಿಕ್ಸ್‌ಗಾಗಿ. ಫೆಲಿಕ್ಸ್ ಕಾರ್ಕಳದ ಕಡೆಯವನು, ಮನೆಮಾತು ಕೊಂಕಣಿ. ನನ್ನ ಪಕ್ಕದ ಮೇಜಿನಲ್ಲೇ ಕೂರುತ್ತಾನೆ, ನಮ್ಮ ಕಟ್ಟಡದಲ್ಲೇ ಎರಡು ಮಹಡಿ ಕೆಳಗೆ ಸಂಸಾರ. ದಿನಾ ಅವನ ಡಬ್ಬಿಯಲ್ಲಿ ಮೀನು. ಚೀಟಿ ನೋಡಿದ ದಿನ ಅವನು, "ಆಯ್ತು ಮಾರಾಯ್ರೆ, ನನ್ನ ಬಂಗುಡೆ ಕೆಳಗಿರ್ಲಿ, ಅದಕ್ಕೆ ಸಮುದ್ರದಡಿ ಅಭ್ಯಾಸ ಉಂಟು" ಎಂದು ನಕ್ಕು ಡಬ್ಬಿಯನ್ನು ಕೆಳಗಿಟ್ಟ. ಅಲ್ಲಿಂದ ಮುಂದೆ ಅದು ಅಲ್ಲೇ ಇತ್ತು.

ಇಂಥ ನಾನು ವೀಗನ್ ಆಗಲು ಹೊರಟದ್ದು ದಯೆಯಿಂದಲ್ಲ, ಬಾಯಿಚಪಲದಿಂದ. ತಿನ್ನುವ ಚಪಲವಲ್ಲ, ಆಡುವ ಚಪಲ. ಒಂದು ಭಾನುವಾರ ಕನ್ನಡದ ಹತ್ತು ಹನ್ನೆರಡು ಮನೆಯವರು ಸೇರಿ ಕಡಲ ದಂಡೆಯ ಕಾರ್ನಿಷ್‌ನ ಪಾರ್ಕಿಗೆ ಬುತ್ತಿ ಕಟ್ಟಿಕೊಂಡು ಹೋಗಿದ್ದೆವು. ಫೆಲಿಕ್ಸ್ ಮೀನಿನ ಡಬ್ಬಿ ಬಿಚ್ಚಿದ. ನಾನು ನನ್ನ ಮೊಸರನ್ನದ ಡಬ್ಬಿಯನ್ನು ಎದೆಗವಚಿಕೊಂಡು ಎಂದಿನ ಪ್ರವಚನ ಶುರುಮಾಡಿದೆ. ಮೂಕಪ್ರಾಣಿ, ಅದರ ಕಣ್ಣು, ಅದರ ಶಾಪ ಇತ್ಯಾದಿ. "ನಮ್ಮ ತಟ್ಟೆಗಾಗಿ ಒಂದು ಜೀವಕ್ಕೂ ನೋವಾಗಲ್ಲ" ಎಂದು ನಾನು ಮುಗಿಸುವ ಹೊತ್ತಿಗೆ ಫೆಲಿಕ್ಸನ ಹೆಂಡತಿ ಲವೀನಾ ಮೆಲ್ಲನೆ ಕೇಳಿದರು. ಅವರು ಆಸ್ಪತ್ರೆಯಲ್ಲಿ ನರ್ಸು, ದನಿ ಏರಿಸಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ.

"ಸರ್, ಮತ್ತೆ ಹಾಲು?"

"ಹಾಲು ಹಸು ತಾನಾಗಿ ಕೊಡೋದಲ್ವಾ, ಲವೀನಾ ಅವರೇ."

"ಕೊಟ್ಟದ್ದಾ, ತಕ್ಕೊಂಡದ್ದಾ?"

ಪಾರ್ಕಿನ ಹುಲ್ಲೂ ನಕ್ಕಿತು ಅನ್ನಿಸಿತು ನನಗೆ. ಈ ಹೆಂಗಸು ಎರಡು ವರ್ಷದಿಂದ ಮೀನು, ಮಾಂಸ, ಮೊಟ್ಟೆ, ಹಾಲು ಎಲ್ಲ ಬಿಟ್ಟಿದ್ದಾರೆ ಎಂಬ ಸಂಗತಿ ಅಂದು ನನಗೆ ಮೊದಲ ಸಲ ಗೊತ್ತಾಯಿತು. ಏಕೆಂದರೆ ಅವರು ಯಾರಿಗೂ ಹೇಳಿಕೊಂಡಿರಲಿಲ್ಲ. ಇಷ್ಟು ದೊಡ್ಡ ಬಂಡವಾಳ ಇಟ್ಟುಕೊಂಡು ಎರಡು ವರ್ಷ ಸುಮ್ಮನಿರುವುದೆಂದರೇನು! ನನಗೆ ರೋಷ ಉಕ್ಕಿತು. "ನಾಳೆಯಿಂದ ನಾನೂ ಬಿಟ್ಟೆ" ಎಂದುಬಿಟ್ಟೆ, ಹನ್ನೆರಡು ಸಂಸಾರದ ಎದುರು. ಲವೀನಾ, "ಬೇಡ ಸರ್, ಅವಸರ ಮಾಡ್ಬೇಡಿ. ನಮ್ಮಲ್ಲಿ ಈಸ್ಟರಿಗೆ ಮುಂಚೆ ತಪಸ್ಸುಕಾಲ ಅಂತ ನಲವತ್ತು ದಿವಸ ಉಂಟು. ಹಾಗೆ ನಲವತ್ತು ದಿವಸ ಮಾಡಿ ನೋಡಿ" ಎಂದರು. ಅವರದ್ದು ನಲವತ್ತಾದರೆ ನಾನೇನು ಕಡಿಮೆಯೇ? "ನಮ್ಮಲ್ಲಿ ಮಂಡಲ ಅಂದ್ರೆ ನಲವತ್ತೆಂಟು" ಎಂದೆ. ಎಂಟು ದಿನ ಹೆಚ್ಚಿಗೆ ಬಂದದ್ದು ಹೀಗೆ. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ವಿಜಯಾ ಆಕಾಶ ನೋಡಿದಳು.

ಮನೆಗೆ ಬಂದ ಮೇಲೆ ಅವಳು ಕೇಳಿದ ಮೊದಲ ಪ್ರಶ್ನೆ, "ಹೆಪ್ಪಿನ ಗತಿ ಏನು?" ನಮ್ಮ ಮನೆಯ ಹೆಪ್ಪಿಗೆ ಒಂದು ಚರಿತ್ರೆಯಿದೆ. ಹದಿನಾಲ್ಕು ವರ್ಷದ ಹಿಂದೆ ವಿಜಯಾ ಮೊದಲ ಸಲ ಇಲ್ಲಿಗೆ ಬರುವಾಗ ಮೈಸೂರಿನಿಂದ ಕುಂಕುಮದ ಭರಣಿಯಷ್ಟಿನ ಸ್ಟೀಲ್ ಡಬ್ಬಿಯಲ್ಲಿ ತಂದದ್ದು. ಇಲ್ಲಿಯ ಅಂಗಡಿಯಲ್ಲಿ ಮೊಸರು ಬಕೆಟ್ಟಿನಲ್ಲಿ ಸಿಗುತ್ತದೆ, ಆದರೆ ಅವಳ ಪ್ರಕಾರ ಅದು ಮೊಸರಲ್ಲ, ಸುಣ್ಣ. ನಾವು ರಜೆಗೆ ಊರಿಗೆ ಹೋದಾಗ ನಮ್ಮ ಹೆಪ್ಪು ಯಾರಾದರೊಬ್ಬರ ಮನೆಯಲ್ಲಿ ಉಳಿದು, ಬಂದ ಮೇಲೆ ಮನೆಗೆ ವಾಪಸಾಗುತ್ತದೆ. ಅದನ್ನು ಪಡೆದವರು ಶಾರ್ಜಾದವರೆಗೂ ಇದ್ದಾರೆ. ಈ ಹೆಪ್ಪಿನ ವಿಷಯದಲ್ಲಿ ವಿಜಯಾಳದು ಎರಡೇ ಕಾನೂನು: ಹೆಪ್ಪು ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು, ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು. ಈ ಎರಡೂ ಕಾನೂನು ನನ್ನ ಕುತ್ತಿಗೆಗೆ ಬರುತ್ತವೆಂದು ಆಗ ಯಾರಿಗೆ ಗೊತ್ತಿತ್ತು?

"ನೀವು ಬಿಟ್ಟು ನಾನೊಬ್ಳೇ ಮೊಸರು ತಿಂತಾ ಕೂತ್ರೆ ಎರಡನೇ ದಿನಾನೇ ನನ್ನ ತಟ್ಟೆಗೆ ಕೈ ಹಾಕ್ತೀರ. ನನಗೆ ಗೊತ್ತಿಲ್ವಾ ನಿಮ್ಮ ಬುದ್ಧಿ?" ಎಂದು ವಿಜಯಾ ಮರುದಿನವೇ ಹೆಪ್ಪನ್ನು ಫೆಲಿಕ್ಸನ ಮನೆಗೆ ಸಾಗಿಸಿದಳು. ಲವೀನಾ ತಾನು ಮುಟ್ಟದಿದ್ದರೂ ಗಂಡನ ಮತ್ತು ಮಗಳ ಹೊಟ್ಟೆಯ ವಿಷಯಕ್ಕೆ ಹೋಗುವವರಲ್ಲ. ಫೆಲಿಕ್ಸ್ ಹೆಪ್ಪಿನ ಪಾಲನೆ ವಹಿಸಿಕೊಂಡ. ಹಾಲು ಎಷ್ಟು ಬಿಸಿಯಿರಬೇಕು, ಎಸಿ ಹಾಕಿದ ದಿನ ಪಾತ್ರೆಗೆ ಯಾವ ಟವೆಲು ಸುತ್ತಬೇಕು ಎಂದೆಲ್ಲ ವಿಜಯಾ ಅವನಿಗೆ ಬರೆದುಕೊಟ್ಟಳು. ಆಮೇಲೆ ಪ್ರತಿ ಮಧ್ಯಾಹ್ನ "ಹೆಪ್ಪು ಹೇಗಿದ್ಯೋ ನೋಡ್ಕೊಂಡು ಬರ್ತೀನಿ" ಎಂದು ಎರಡು ಮಹಡಿ ಇಳಿದು ಹೋಗುತ್ತಿದ್ದಳು. ಬರುವಾಗ ಅವಳ ಮುಖದಲ್ಲಿ ಇರುತ್ತಿದ್ದ ತೃಪ್ತಿ ಬರೀ ನೋಡಿ ಬಂದವರದ್ದಲ್ಲ.

ಇತ್ತ ಲವೀನಾ ನನ್ನನ್ನು ಮೊಬೈಲಿನ ಒಂದು ಗ್ರೂಪಿಗೆ ಸೇರಿಸಿದರು. ಅಬುಧಾಬಿ, ದುಬೈಗಳಲ್ಲಿ ಹಾಲು ಬಿಟ್ಟ, ಬಿಡುತ್ತಿರುವ, ಬಿಡಲಾಗದೆ ಒದ್ದಾಡುತ್ತಿರುವ ಕನ್ನಡಿಗರ ಗ್ರೂಪು. ಹೊಸಬರಿಗೆ ಹಳಬರೊಬ್ಬರು ಜೊತೆಗಾರರು. ದಿನಕ್ಕೆ ಮೂರು ಹೊತ್ತು ತಟ್ಟೆಯ ಫೋಟೋ ಹಾಕಬೇಕು, ಜಾರಿದರೆ ಜಾರಿದೆ ಅಂತ ಹೇಳಬೇಕು, ಆಗ ಎಲ್ಲರೂ ಸೇರಿ ಎಬ್ಬಿಸುತ್ತಾರೆ. ನನಗೆ ಜೊತೆಗಾರರು ಲವೀನಾ ಅವರೇ. ನನ್ನ ಪರಿಚಯ ಹೇಳಿಕೊಳ್ಳುವಾಗ "ಶ್ರೀಕಂಠ, ಹುಟ್ಟಾ ಸಸ್ಯಾಹಾರಿ" ಎಂದು ಬರೆದು ಹಾರ ತುರಾಯಿಗಾಗಿ ಕಾದೆ. ಅದೇ ದಿನ ಸೇರಿದ ಇನ್ನೊಬ್ಬ, ದಿನಾ ಕೋಳಿ ತಿನ್ನುತ್ತಿದ್ದವನಂತೆ, ಅವನಿಗೆ ಚಪ್ಪಾಳೆಯ ಚಿತ್ರಗಳ ಸುರಿಮಳೆ. ನನಗೆ ಬಂದದ್ದು ಒಂದೇ ಉತ್ತರ. ದುಬೈನ ಅಲ್ ಮುರಕ್ಕಬಾತ್‌ನಲ್ಲಿರುವ ನಿಖಿಲ್ ಎಂಬ ಬೆಂಗಳೂರಿನ ಹುಡುಗ, ಐಟಿಯವನು, ಮೂರು ವರ್ಷದ ಹಳೆಯ ವೀಗನ್, ಬರೆದಿದ್ದ: "ವೆಲ್‌ಕಮ್ ಅಂಕಲ್. ವೆಜಿಟೇರಿಯನ್ಸೇ ಹಾರ್ಡ್ ಕೇಸು. ಅವರಿಗೆ ತಾವು ಆಲ್‌ರೆಡಿ ಒಳ್ಳೆಯವರು ಅಂತ ಅನ್ಸಿರತ್ತೆ."

ಹುಟ್ಟಿದಾಗಿನಿಂದ ಮೇಲಿನ ಶೆಲ್ಫಿನಲ್ಲಿ ಕೂತಿದ್ದವನನ್ನು ಒಬ್ಬ ಹುಡುಗ ಒಂದೇ ಸಾಲಿನಲ್ಲಿ ಕೆಳಗಿಳಿಸಿದ. ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಮೊದಲ ಎರಡು ವಾರ ದಾಟಿತು. ಓಟ್ಸಿನ ಹಾಲಿಗೆ ಫಿಲ್ಟರ್ ಡಿಕಾಕ್ಷನ್ ಹಾಕಿ ಕುಡಿದೆ. ಅದು ಕುಡಿದ ಮೇಲೆ ಬಾಯಿ ತೊಳೆಯಲು ಇನ್ನೊಂದು ಕಾಫಿ ಬೇಕು. ಕೆಳಗಿನ ಕೆಫೆಟೇರಿಯಾದವನು ನನ್ನ ತಲೆ ಕಂಡೊಡನೆ ಕಡಕ್ ಚಹಾ ಬಗ್ಗಿಸುತ್ತಿದ್ದವನು, ನಾನು ಹಾಲಿಲ್ಲದ ಸುಲೈಮಾನಿ ಕೇಳಿದಾಗ "ಹೊಟ್ಟೆ ಸರಿಯಿಲ್ವಾ ಸಾಬ್?" ಎಂದು ಮರುಗಿದ. ಸೋಯಾ ಮೊಸರು ಮಾಡಲು ಹೋದರೆ ಒಂದು ಸಲ ಅಂಟಾಯಿತು, ಇನ್ನೊಂದು ಸಲ ನೀರಾಯಿತು, ಮೂರನೆಯ ಸಲ ಆದದ್ದು ಏನೆಂದು ನಮಗಿಬ್ಬರಿಗೂ ಗೊತ್ತಾಗಲಿಲ್ಲ. ವಿಜಯಾ ಅದನ್ನು ಪಾತ್ರೆಸಮೇತ ಬಾಲ್ಕನಿಯಲ್ಲಿಟ್ಟಳು. ಪಾರಿವಾಳಗಳೂ ಮೂಸಿ ನೋಡಿ ಹಾರಿಹೋದವು.

ಮೂರನೆಯ ಶನಿವಾರ ಲವೀನಾ ನನ್ನನ್ನು ಅಲ್ ಮೀನಾದ ತರಕಾರಿ ಮಾರ್ಕೆಟ್ಟಿಗೆ ಕರೆದುಕೊಂಡು ಹೋದರು. ಜೊತೆಗಾರರ ಕರ್ತವ್ಯಗಳಲ್ಲಿ ಅದೂ ಒಂದಂತೆ. ಸೊಪ್ಪು, ಎಳ್ಳು, ತೆಂಗಿನಕಾಯಿ ಎಲ್ಲ ಆರಿಸಿಕೊಟ್ಟರು. ವಾಪಸು ಕಾರಿನ ಕಡೆ ನಡೆಯುವಾಗ ಮೀನಿನ ಮಾರ್ಕೆಟ್ಟಿನ ಗಾಳಿ ಬೀಸಿತು. ನಾನು ಅಭ್ಯಾಸಬಲದಿಂದ ಕರ್ಚೀಫು ಮೂಗಿಗೆ ಒತ್ತಿದೆ. ಲವೀನಾ ನಿಂತರು. ಕಣ್ಣು ಮುಚ್ಚಿ ಒಂದು ಉಸಿರು ಎಳೆದುಕೊಂಡು, "ಬಂಗುಡೆ ಬಂದದೆ ಇವತ್ತು. ತಾಜಾ" ಎಂದರು.

"ಆಸೆ ಆಗಲ್ವಾ?" ಕೇಳಿದೆ.

"ಆಗ್ತದೆ ಸರ್. ದಿನಾ ಆಗ್ತದೆ. ಫೆಲಿಕ್ಸ್‌ಗೆ ಮೀನು ಕಾಯಿಸುವಾಗ ಬಾಯಲ್ಲಿ ನೀರು ಬರ್ತದೆ" ಎಂದು ನಕ್ಕು ಕಾರಿನ ಬಾಗಿಲು ತೆಗೆದರು.

 ಸುಳ್ಳೇಕೆ, ನನಗೆ ನಾಚಿಕೆಯಾಯಿತು. ನಾನು ಜೀವಮಾನವಿಡೀ ಮುಟ್ಟಲಿಲ್ಲ ಎಂದು ಮೆರೆದದ್ದೆಲ್ಲ ನನಗೆ ಎಂದೂ ಬೇಕೆನಿಸದ ವಸ್ತು. ಬೇಕೆನಿಸಿದ್ದನ್ನು ಬಿಟ್ಟವರು ಈ ಹೆಂಗಸು, ಅದೂ ಸದ್ದಿಲ್ಲದೆ. ನನಗೆ ಬೇಕೆನಿಸಿದ್ದು ಪ್ರಪಂಚದಲ್ಲಿ ಒಂದೇ, ಮೊಸರು, ಅದನ್ನು ಬಿಡಲು ಹೊರಟದ್ದೂ ಹನ್ನೆರಡು ಸಂಸಾರ ನೋಡಲಿ ಎಂದು. ಈ ಜ್ಞಾನೋದಯವಾದ ಮೇಲೆ ನಾನು ಸುಧಾರಿಸಬೇಕಿತ್ತು. ಆದದ್ದು ಬೇರೆ.

ಇಪ್ಪತ್ತಮೂರನೆಯ ದಿನ, ಮಧ್ಯಾಹ್ನ. ಫೆಲಿಕ್ಸ್ ಕಸ್ಟಮ್ಸ್ ಕೆಲಸದ ಮೇಲೆ ಹೊರಗೆ ಹೋಗಿದ್ದ, ಊಟಕ್ಕೆ ತಡವಾಗುತ್ತದೆಂದಿದ್ದ. ನಾನು ನನ್ನ ಬೋಳು ಅನ್ನದ ಡಬ್ಬಿಗಾಗಿ ಫ್ರಿಜ್ ತೆಗೆದೆ. ಕೆಳಗಿನ ಶೆಲ್ಫಿನಲ್ಲಿ ಅವನ ಮೀನಿನ ಡಬ್ಬಿ, ಅದಕ್ಕೆ ಆನಿಸಿಕೊಂಡು ಒಂದು ಪುಟ್ಟ ಡಬ್ಬಿ. ಮುಚ್ಚಳದ ಸಂದಿಯಿಂದ ವಾಸನೆ ಬಂತು. ನಮ್ಮ ಹೆಪ್ಪು! ಹದಿನಾಲ್ಕು ವರ್ಷದ ಪರಿಚಯ, ಮರೆಯುತ್ತದೆಯೇ? ಹನ್ನೊಂದು ವರ್ಷದಲ್ಲಿ ಮೊದಲ ಸಲ ನಾನು ಆ ಶೆಲ್ಫಿಗೆ ಬಗ್ಗಿದೆ. ಬರೀ ನೋಡೋಣ ಎಂದೇ ಮುಚ್ಚಳ ತೆಗೆದದ್ದು, ದೇವರಾಣೆ. ಆಮೇಲೆ ನೋಡುತ್ತೇನೆ, ನನ್ನ ಅನ್ನಕ್ಕೆ ಮೊಸರು ಕಲಸಿ ಆಗಿದೆ, ಉಪ್ಪೂ ಹಾಕಿದ್ದೇನೆ. ಮೀನಿನ ಪಕ್ಕದಲ್ಲಿದ್ದ ಮೊಸರೆಂದು ಗಂಟಲಿಗೆ ಯಾರೂ ಹೇಳಲಿಲ್ಲ. ಸ್ವರ್ಗ ಕೆಳಗಿನ ಶೆಲ್ಫಿನಲ್ಲಿದೆಯೆಂದು ಅಂದು ತಿಳಿಯಿತು.

ಎರಡು ತುತ್ತು ಉಳಿದಾಗ ಫೋಟೋದ ನೆನಪಾಯಿತು. ಹಾಕದಿದ್ದರೆ ಅನುಮಾನ. ಇದ್ದ ಎರಡು ತುತ್ತಿನದ್ದೇ ಫೋಟೋ ತೆಗೆದು, "ಸೋಯಾ ಮೊಸರನ್ನ, ಕೊನೆಗೂ ಗೆದ್ದೆ!" ಎಂದು ಬರೆದು ಕಳಿಸಿದೆ. ಅದುವರೆಗೆ ನನ್ನ ಫೋಟೋಗಳಿಗೆ ಒಂದು ಹೆಬ್ಬೆರಳು ಬಂದರೆ ಹೆಚ್ಚು. ಅಂದು ಗ್ರೂಪು ಎದ್ದು ಕುಣಿಯಿತು. ಮೊಸರಿನಂತೆಯೇ ಕಾಣುವ ಸೋಯಾ ಮೊಸರನ್ನು ಅವರು ಯಾರೂ ಕಂಡಿರಲಿಲ್ಲ. ಲವೀನಾ ಬರೆದರು: "ಭಾರೀ ಚೆಂದ ಆಗಿದೆ ಸರ್. ಹೇಗೆ ಮಾಡಿದ್ದೂಂತ ಎಲ್ಲರಿಗೂ ಹೇಳಿ." ಚಪ್ಪಾಳೆಯ ಚಿತ್ರಗಳು ಬಂದವು, ಮೊದಲ ಸಲ, ನನಗೆ! ತಲೆ ತಿರುಗಿತು. "ಗುಟ್ಟೆಲ್ಲ ಹೆಪ್ಪಿನಲ್ಲಿದೆ" ಎಂದು ಬರೆದುಬಿಟ್ಟೆ. ಐದೇ ನಿಮಿಷದಲ್ಲಿ ನಿಖಿಲನ ಉತ್ತರ: "ಅಂಕಲ್, ಈ ಶನಿವಾರ ಡಬ್ಬಿ ತಗೊಂಡು ಬರ್ತಿದೀನಿ. ಸ್ವಲ್ಪ ಹೆಪ್ಪು ಕೊಡಿ, ಪ್ಲೀಸ್."

ಖಲಾಸ್. ನಾನು ಮೊಸರು ತಿಂದದ್ದು ನನ್ನ ಪಾಪ, ನನ್ನ ಹೊಟ್ಟೆಯಲ್ಲಿ ಇರುತ್ತಿತ್ತು. ಮೂರು ವರ್ಷದಿಂದ ಹಾಲು ಮುಟ್ಟದ ಹುಡುಗನಿಗೆ ಸುಳ್ಳು ಹೇಳಿ ಹಾಲಿನ ಹೆಪ್ಪು ಕೊಡುವುದೆಂದರೆ? ನನ್ನ ಡಬ್ಬಿಗೆ ಯಾರಾದರೂ ಗೊತ್ತಿಲ್ಲದೆ ಮೀನಿನ ಚೂರು ಹಾಕಿದ್ದರೆ ನಾನು ದೂತಾವಾಸದವರೆಗೆ ಹೋಗುತ್ತಿದ್ದೆ. ಬರಬೇಡ ಎನ್ನಲು ಜ್ವರದ ನೆಪ ಹೇಳಿದೆ, ಮಾಸ್ಕ್ ಹಾಕಿಕೊಂಡು ಬರುತ್ತೇನೆ ಎಂದ. ಇತ್ತ ವಿಜಯಾಳಿಗೆ ದುಬೈನಿಂದ ಯಾರೋ ನಮ್ಮ ಹೆಪ್ಪಿಗಾಗಿ ಬರುತ್ತಾರೆಂಬುದಷ್ಟೇ ಕಿವಿಗೆ ಬಿದ್ದು, ಹಿಗ್ಗಿ ಹೀರೇಕಾಯಿಯಾದಳು. ನಿಜ ಹೇಳಲು ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಆಕಳಿಸಿ ಮುಚ್ಚಿದೆ.

ಶನಿವಾರ ನಾಲ್ಕಕ್ಕೆ ಬರಬೇಕಿದ್ದ ನಿಖಿಲನ ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ನನಗೆ ಜೀವ ಬಂತು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವಂತಿಲ್ಲವಲ್ಲ! ಐದೂಕಾಲಿಗೆ, ಹೊರಗಿನ್ನೂ ಬಿಸಿಲು ಇರುವಾಗಲೇ, ದೇವರ ಗೂಡಿನ ಮುಂದೆ ಬೆಂಕಿಪೊಟ್ಟಣ ಹಿಡಿದು ನಿಂತೆ.

"ಇದೇನ್ರೀ ಇದು? ಹದಿನಾಲ್ಕು ವರ್ಷದಲ್ಲಿ ಒಂದಿನ ದೀಪ ಹಚ್ಚಿದವರಲ್ಲ, ಇವತ್ತು ಗ್ರಹಣ ಏನಾದ್ರೂ ಇದ್ಯಾ?" ಎಂದು ವಿಜಯಾ ಪೊಟ್ಟಣ ಕಿತ್ತುಕೊಂಡಳು. ಅದೇ ಕ್ಷಣಕ್ಕೆ ಕರೆಗಂಟೆ.

ನಿಖಿಲ್ ಒಳಗೆ ಬಂದ. ನಾನು ಗಡ್ಡದ, ಜಗಳಗಂಟ ಹುಡುಗನನ್ನು ಊಹಿಸಿಕೊಂಡಿದ್ದೆ. ಬಂದದ್ದು ಸಣಕಲು ಹುಡುಗ, ಕೈಯಲ್ಲಿ ಪಳಪಳ ಉಜ್ಜಿದ ಸ್ಟೀಲ್ ಡಬ್ಬಿ. ಅವನ ಹಿಂದೆಯೇ, ವಿಜಯಾ ಫೋನು ಮಾಡಿ ಕರೆಸಿದ್ದ ಫೆಲಿಕ್ಸ್, ಎರಡೂ ಕೈಯಲ್ಲಿ ಮೊಸರಿನ ಪಾತ್ರೆ ಹಿಡಿದು ಬಂದ. ಜೊತೆಗೆ ಲವೀನಾ. ನಿಖಿಲ್ ಪಾತ್ರೆಯೊಳಗೆ ನೋಡಿದ. "ಮೂರು ವರ್ಷ ಆಯ್ತು ಆಂಟಿ ಮೊಸರನ್ನ ತಿಂದು" ಎಂದ. ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದ. ವಿಜಯಾ ಚಮಚ ಎತ್ತಿದಳು. ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಬಿಳಿ ಬಿಳಿಯೇ, ಯಾರು ಕೇಳುತ್ತಿದ್ದರು?

"ಅದು ಹಾಲಿಂದು" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಸೋಯಾ ಅಲ್ಲ. ನಾನು ಫೆಲಿಕ್ಸ್ ಡಬ್ಬಿಯಿಂದ ಕದ್ದು ತಿಂದಿದ್ದು. ಗ್ರೂಪಲ್ಲಿ ಹೇಳಿದ್ದೆಲ್ಲ ಸುಳ್ಳು."

ಚಮಚ ಗಾಳಿಯಲ್ಲೇ ನಿಂತಿತು. ನಿಖಿಲ್ ನನ್ನನ್ನು ಬೈಯುತ್ತಾನೆಂದು ತಲೆ ತಗ್ಗಿಸಿದೆ. ಅವನು ಪಾತ್ರೆಯನ್ನೇ ನೋಡುತ್ತಿದ್ದ.

"ಯಾಕ್ ಹೇಳಿದ್ರಿ ಅಂಕಲ್?" ಎಂದ, ಅಳು ಬರುವ ಹಾಗೆ. "ಫೋಟೋದಲ್ಲಿ ಕೆನೆ ಕಾಣ್ತಿತ್ತು. ಸೋಯಾಕ್ಕೆ ಅಂಥ ಕೆನೆ ಎಲ್ಲಿಂದ ಬರತ್ತೆ? ನೀವು ಹೇಳ್ದೆ ಇದ್ದಿದ್ರೆ ನಂಗೆ ಗೊತ್ತಿಲ್ಲ ಅಂತಾನೇ ಆಗ್ತಿತ್ತಲ್ವಾ?"

ಎರಡು ಗಂಟೆ ಬಸ್ಸಿನಲ್ಲಿ ಕೂತು ಈ ಹುಡುಗ ಬಂದದ್ದು ಮೋಸಹೋಗಲು! ಅದನ್ನೂ ನಾನು ಸರಿಯಾಗಿ ಮಾಡಿಕೊಡಲಿಲ್ಲ. ಫೆಲಿಕ್ಸ್ ಪಾತ್ರೆ ಕೆಳಗಿಟ್ಟು ಸೋಫಾ ಹಿಡಿದುಕೊಂಡು ನಕ್ಕ. ಲವೀನಾ ಮಾತ್ರ ನಗಲಿಲ್ಲ. "ಫೆಲಿಕ್ಸ್ ಆ ದಿವಸ ಮನೆಗೆ ಬಂದು ಮೊಸರಿನ ಡಬ್ಬಿ ಖಾಲಿ ಇತ್ತು ಅಂದಾಗ್ಲೇ ನಂಗೆ ಗೊತ್ತಾಯ್ತು ಸರ್" ಎಂದರು.

"ಮತ್ತೆ ಯಾಕೆ ಸುಮ್ಮನಿದ್ರಿ?"

"ನೀವೇ ಹೇಳ್ತೀರಿ ಅಂತ ಕಾದೆ. ಹೇಳಿದ್ರಲ್ಲ. ಸಾಕು."

"ಸಾಕು ಎಂತ ಸಾಕು? ಪಾಪ ಒಪ್ಪಿಕೊಂಡವರಿಗೆ ನಮ್ಮಲ್ಲಿ ಪ್ರಾಯಶ್ಚಿತ್ತ ಉಂಟು. ಕೊಡು ಮಾರಾಯ್ತಿ, ಬಿಡ್ಬೇಡ" ಎಂದ ಫೆಲಿಕ್ಸ್.

ಲವೀನಾ ಸ್ವಲ್ಪ ಯೋಚಿಸಿದರು. "ಆ ಫ್ರಿಜ್ಜಿನ ಚೀಟಿ ತೆಗೀರಿ ಸರ್" ಎಂದರು, ಅದೇ ಮೆಲ್ಲಗಿನ ದನಿಯಲ್ಲಿ. "ಹನ್ನೊಂದು ವರ್ಷ ಆಯ್ತು ನಾನು ಇವರ ಡಬ್ಬಿಗೆ ಮೂರು ಮೂರು ಪ್ಲಾಸ್ಟಿಕ್ ಸುತ್ತೂದು. ನಿಮಗೆ ವಾಸನೆ ಬರಬಾರದೂಂತ."

ಮೂರು ಪ್ಲಾಸ್ಟಿಕ್. ದಿನಾ ಬೆಳಿಗ್ಗೆ, ಆಸ್ಪತ್ರೆಯ ಡ್ಯೂಟಿಗೆ ಓಡುವ ಮುಂಚೆ. ನಾನು ಆ ಫ್ರಿಜ್ಜಿನಲ್ಲಿ ನನ್ನ ಚೀಟಿಯನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ವಿಜಯಾ ನಿಖಿಲನ ಡಬ್ಬಿ ತೆಗೆದುಕೊಂಡು ಹೋಗಿ, ಬರಿಗೈಯಲ್ಲಿ ಕಳಿಸಬಾರದಲ್ಲ, ಪುಳಿಯೋಗರೆ ಗೊಜ್ಜು ತುಂಬಿಕೊಟ್ಟಳು. ಹಾಲಿಲ್ಲ, ತುಪ್ಪವಿಲ್ಲ. ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಕಣ್ಣು ಮಾತ್ರ ಮೊಸರಿನ ಕಡೆಗೇ ಇತ್ತು.

ಸೋಮವಾರ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋಗಿ ಚೀಟಿ ಕಿತ್ತೆ. ಹನ್ನೊಂದು ವರ್ಷದ ಅಂಟು, ಉಗುರಿನಿಂದ ಕೆರೆಯಬೇಕಾಯಿತು. ಈಜಿಪ್ಟಿನ ಮ್ಯಾನೇಜರು ಬಂದು ನೋಡಿ, ಆ ಅರಬಿ ಸಾಲು ಹೋಯಿತಲ್ಲ ಎಂದು ನಿಜವಾಗಿ ಬೇಸರಪಟ್ಟರು. ಮಧ್ಯಾಹ್ನ ಫೆಲಿಕ್ಸನ ಡಬ್ಬಿಯನ್ನು ನಾನೇ ಎತ್ತಿ ಮೇಲಿನ ಶೆಲ್ಫಿನಲ್ಲಿಟ್ಟೆ. ಒಂದೇ ಪ್ಲಾಸ್ಟಿಕ್ ಸುತ್ತಿತ್ತು. ಗ್ರೂಪಿನಲ್ಲೂ ಜಾರಿದ್ದನ್ನು ಬರೆದೆ. ಲವೀನಾ "ದಿನ ಒಂದು" ಎಂದು ಉತ್ತರಿಸಿದರು. ಈ ಸಲ ನಲವತ್ತೇ, ನಲವತ್ತೆಂಟಲ್ಲ. ಯಾರಿಗೂ ಹೇಳದೆ ಮಾಡುವುದೆಂದು ತೀರ್ಮಾನಿಸಿದೆ. ನನಗೆ ವಿನಯ ಬಂದುಬಿಟ್ಟಿತ್ತು. ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಅದನ್ನು ಯಾರಾದರೂ ಗಮನಿಸುತ್ತಿದ್ದಾರೆಯೇ ಎಂದು ಆಗಾಗ ತಿರುಗಿ ನೋಡುತ್ತಿದ್ದೆ.

ಈಗ ಇಪ್ಪತ್ತಾರನೆಯ ದಿನ. ನಿನ್ನೆ ಅಕೌಂಟ್ಸಿಗೆ ಹೊಸದಾಗಿ ಸೇರಿದ ಧಾರವಾಡದ ಹೆಣ್ಣುಮಗಳು ಪ್ಯಾಂಟ್ರಿಗೆ ಬಂದಳು. ಫ್ರಿಜ್ ತೆಗೆದು, "ಸರ್, ನಾ ಪಕ್ಕಾ ವೆಜಿಟೇರಿಯನ್ ರೀ. ನೀವೂ ವೆಜ್ಜೇ ಏನ್ರೀ?" ಎಂದು ಕೇಳುತ್ತ ತನ್ನ ಮೊಸರಿನ ಡಬ್ಬಿಯನ್ನು ಮೇಲಿನ ಶೆಲ್ಫಿನಲ್ಲಿ, ನನ್ನ ಡಬ್ಬಿಗೆ ತಾಗಿಸಿ ಇಟ್ಟಳು.

"ಅಲ್ಲಮ್ಮ, ನಾನು ವೀಗನ್" ಎಂದೆ. ಕತ್ತು ತಾನಾಗಿ ಎರಡು ಇಂಚು ಮೇಲೆ ಹೋಯಿತು. ಅವಳ ಡಬ್ಬಿಯನ್ನು ನನ್ನದರಿಂದ ಮೆಲ್ಲನೆ ದೂರ ಸರಿಸಿದೆ. ಇನ್ನೊಂದು ಕೈ ಆಗಲೇ ಡ್ರಾಯರಿನಲ್ಲಿ ಟೇಪು ಹುಡುಕುತ್ತಿತ್ತು.